ಕಡೇ ನಲ್ಲಿಯಿಂದ ನೋಡಿದಾಗ



ದತ್ತಿ ಉಪನ್ಯಾಸ ಅಂದರೆ ವಚನವೋ ಕುಮಾರವ್ಯಾಸನೋ ಇರಬೇಕು ಅನ್ನುವುದು ರೂಢಿ. ಈ ಸಲ ದತ್ತಿ ದಾನಿಗಳು ಬೇರೆಯೇ ವಿಷಯ ಕೊಟ್ಟರು. ಒಂದು ಮಹಾನಗರದ ನೀರು ಮತ್ತು ಒಳಚರಂಡಿಯ ಸಂಸ್ಥೆಯನ್ನು ಮುನ್ನಡೆಸುವುದು ಅಂದರೆ ಏನು, ಅದರ ಮೇಲೆ ಮಾತಾಡಿ ಅಂದರು. ಈ ವಿಷಯಕ್ಕೆ ಜನ ಬರುತ್ತಾರೋ ಇಲ್ಲವೋ ಎಂಬ ಅನುಮಾನ ಸಂಘಟಕರಿಗೆ ಇತ್ತಂತೆ, ನನಗೆ ಇರಲಿಲ್ಲ. ನೀರಿನ ವಿಷಯದಲ್ಲಿ ಬೆಂಗಳೂರಿನ ಅಂಚಿನ ಈ ಟಿ. ದಾಸರಹಳ್ಳಿ ಸೀಮೆಯ ಮನೆಮನೆಯಲ್ಲೂ ಒಬ್ಬೊಬ್ಬ ಪಂಡಿತರಿದ್ದಾರೆ. ನೀರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ, ಮೊದಲ ಹತ್ತು ನಿಮಿಷ ಯಾವ ಬಣ್ಣದಲ್ಲಿ ಬರುತ್ತದೆ, ಪ್ರೆಶರ್ ಯಾವಾಗ ಬೀಳುತ್ತದೆ, ಯಾರ ಮನೆಯ ಮೋಟಾರು ಲೈನನ್ನು ಎಳೆದುಕೊಳ್ಳುತ್ತದೆ, ಇದನ್ನೆಲ್ಲ ಬಾಗಲಗುಂಟೆಯ, ಮಲ್ಲಸಂದ್ರದ ಗೃಹಿಣಿಯರು ಯಾವ ಎಂಜಿನಿಯರಿಗಿಂತಲೂ ಕರಾರುವಾಕ್ಕಾಗಿ ಹೇಳುತ್ತಾರೆ. ಬೆಂಗಳೂರು ಜಲಮಂಡಳಿಯ ಕಾವೇರಿ ಭವನದಲ್ಲಿ ಕೂತವರಿಗೆ ಈ ಮಾಹಿತಿ ಇಷ್ಟು ಚೆನ್ನಾಗಿ ತಲುಪುವುದಿಲ್ಲ ಅನ್ನುವುದರಿಂದಲೇ ನನ್ನ ಮಾತು ಶುರುವಾಗುತ್ತದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಜಲಮಂಡಳಿಯ ಅಧ್ಯಕ್ಷರನ್ನು ನಾವು ಅವರ ಕಾಲದಲ್ಲಿ ಎಷ್ಟು ನೀರು ಬಂತು ಅನ್ನುವುದರಿಂದ ಅಳೆಯುತ್ತೇವೆ. ಉದ್ಘಾಟನೆಯ ಕಲ್ಲಿನ ಮೇಲೆ ಇರುವುದೂ ಆ ಲೆಕ್ಕವೇ. ಅಳತೆಗೋಲು ಇಡಬೇಕಾದ್ದು ಲೈನಿನ ಕೊನೆಯಲ್ಲಿ. ಅದೂ ಒಂದಲ್ಲ, ಎರಡು ಲೈನು. ಮನೆಗೆ ಬರುವ ನೀರಿನದು ಒಂದು, ಮನೆಯಿಂದ ಹೋಗುವ ನೀರಿನದು ಇನ್ನೊಂದು. ಎರಡರಲ್ಲೂ ದಾಸರಹಳ್ಳಿ ಬಹಳ ಕಾಲ ಕೊನೆಯಲ್ಲಿತ್ತು. ಹಾಗಾಗಿ ಈ ಉಪನ್ಯಾಸ ನಡೆಯಲು ಇದಕ್ಕಿಂತ ತಕ್ಕ ಜಾಗ ಇಲ್ಲ.

ಬೆಂಗಳೂರಿಗೆ ಕೊಳವೆ ನೀರು ಮೊದಲು ಬಂದದ್ದು ದಕ್ಷಿಣದ ಕಾವೇರಿಯಿಂದಲ್ಲ, ನಿಮ್ಮ ಬೆನ್ನ ಹಿಂದಿನ ಹೆಸರಘಟ್ಟದಿಂದ. 1876–78ರ ದೊಡ್ಡ ಬರ ಊರಿನ ಕೆರೆ ಬಾವಿಗಳ ಬಂಡವಾಳ ಬಯಲು ಮಾಡಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಚಾಮರಾಜೇಂದ್ರ ವಾಟರ್ ವರ್ಕ್ಸ್ ತಯಾರಾಯಿತು. ನೀರು ಇಟ್ಟಿಗೆ ಕಾಲುವೆಯಲ್ಲಿ ತನ್ನಷ್ಟಕ್ಕೆ ಸೋಲದೇವನಹಳ್ಳಿಯ ಕಡೆಗೆ ಹರಿದು ಬರುತ್ತಿತ್ತು. ಅಲ್ಲಿ ಉಗಿಯಂತ್ರದ ಪಂಪುಗಳು ಅದನ್ನು ಎತ್ತಿ ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ಸ್ ಎಂಬ ಶುದ್ಧೀಕರಣ ಘಟಕದ ಕಡೆಗೆ ತಳ್ಳುತ್ತಿದ್ದವು. ನಕ್ಷೆ ತೆಗೆದು ನೋಡಿ: ಆ ಕೊಳವೆ ಹಾದುಹೋದದ್ದು ಈ ಸೀಮೆಯ ಮೇಲೆಯೇ. ಬೆಂಗಳೂರಿನ ಮೊದಲ ಕೊಳವೆ ನೀರು ದಾಸರಹಳ್ಳಿ ಸೀಮೆಯ ಹಳ್ಳಿಗಳ ಪಕ್ಕದಲ್ಲೇ ಹೋಯಿತು, ಹಳ್ಳಿಗಳು ಮಾತ್ರ ತಮ್ಮ ತಮ್ಮ ಬಾವಿ ನೀರನ್ನೇ ಸೇದಿಕೊಂಡು ಇದ್ದವು. ದಂಡು, ಪೇಟೆ, ಮಲ್ಲೇಶ್ವರ ಇವು ನಗರ. ಈ ಸೀಮೆ ಬರೀ ದಾರಿ. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಆಗ ಇದು ನಗರವಾಗಿರಲಿಲ್ಲ, ಅಷ್ಟೆ. ಆದರೆ ನೀರಿನ ಸಂಸ್ಥೆಗಳು ಊರಿನ ಗಡಿಯನ್ನು ತಾವು ಎಳೆಯುವುದಿಲ್ಲ, ಬೇರೆಯವರು ಎಳೆದ ಗಡಿಯೊಳಗೆ ಕೊಳವೆ ಹಾಕುತ್ತವೆ. ಗಡಿಯ ಆಚೆ ಮನೆಗಳು ಎದ್ದಾಗ ಈ ಸಂಸ್ಥೆಗಳು ಯಾವಾಗಲೂ ಇಪ್ಪತ್ತು ವರ್ಷ ತಡ.

ಹೆಸರಘಟ್ಟ ಸಾಲದಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಮಿತಿಯ ಸಲಹೆಯ ಮೇಲೆ ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಕಟ್ಟಿ 1933ರಲ್ಲಿ ನೀರು ತಂದರು. ಅದೂ ಸಾಲದಾಯಿತು. ಕಾವೇರಿ ಕಡೆ ನೋಡಬೇಕಾಯಿತು. ಅಷ್ಟರಲ್ಲಿ ಒಂದು ಕಾಯಿದೆ ಬಂತು. 1964ರ ಕಾಯಿದೆಯ ಮೇಲೆ ಅದೇ ವರ್ಷ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅಂದರೆ ನಮ್ಮ ಜಲಮಂಡಳಿ, ಹುಟ್ಟಿತು. ನೀರನ್ನೂ ಒಳಚರಂಡಿಯನ್ನೂ ಒಂದೇ ಸಂಸ್ಥೆಗೆ, ನಗರಸಭೆಯಿಂದ ಬೇರ್ಪಡಿಸಿ ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ವಿಚಾರ. ತನ್ನ ದರದಿಂದ ತಾನು ಬದುಕಬೇಕು, ತಜ್ಞರು ನಡೆಸಬೇಕು, ಚುನಾವಣೆಯ ಗಾಳಿ ನೇರವಾಗಿ ತಾಗಬಾರದು, ಇದು ಅದರ ಹಿಂದಿನ ಲೆಕ್ಕಾಚಾರ. ಆ ಲೆಕ್ಕಾಚಾರ ಎಷ್ಟು ಉಳಿಯಿತು ಅನ್ನುವುದನ್ನು ಮುಂದೆ ನೋಡೋಣ.

ಕಾವೇರಿಯ ಮೊದಲ ಹಂತ 1974ರಲ್ಲಿ ಬಂತು, ದಿನಕ್ಕೆ 135 ದಶಲಕ್ಷ ಲೀಟರು. ಎರಡನೇ ಹಂತ ಎಂಬತ್ತರ ದಶಕದ ಆರಂಭಕ್ಕೆ, ಮೂರನೆಯದು ತೊಂಬತ್ತರ ದಶಕದಲ್ಲಿ, ನಾಲ್ಕನೇ ಹಂತದ ಮೊದಲ ಘಟ್ಟ 2002ರಲ್ಲಿ, ಎರಡನೇ ಘಟ್ಟ 2012ರಲ್ಲಿ. ಆಗ ಒಟ್ಟು ದಿನಕ್ಕೆ 1,450 ದಶಲಕ್ಷ ಲೀಟರು. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಐದನೇ ಹಂತವನ್ನು ಉದ್ಘಾಟಿಸಿದರು. ಅದು 775 ದಶಲಕ್ಷ ಲೀಟರು, ವರ್ಷಕ್ಕೆ 10 ಟಿಎಂಸಿ ನೀರು. ಹಿಂದೆ ಕಾವೇರಿ ನ್ಯಾಯಮಂಡಳಿ 2007ರಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಹಿಡಿದು ಕುಡಿಯುವ ನೀರನ್ನು ಲೆಕ್ಕ ಹಾಕಿತ್ತು. ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಇಡೀ ನಗರವನ್ನು ಪರಿಗಣಿಸಿ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಕೊಳವೆ ಹಾಕುವ ಮೊದಲು ವಕೀಲರು ದುಡಿಯಬೇಕಾಗುವ ಊರು ನಮ್ಮದು.

ಈಗ ಸ್ವಲ್ಪ ಶಾಲೆಯ ಭೌತಶಾಸ್ತ್ರ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲು ಹತ್ತಿ ಬರುತ್ತದೆ. ಸಾವಿರ ಲೀಟರ್ ಅಂದರೆ ಒಂದು ಟನ್ ತೂಕ. ಒಂದು ಟನ್ನನ್ನು ಅರ್ಧ ಕಿಲೋಮೀಟರ್ ಮೇಲಕ್ಕೆತ್ತಲು, ಏನೂ ಪೋಲಾಗದಿದ್ದರೂ 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರಿನ ದಕ್ಷತೆ, ಕೊಳವೆಯೊಳಗಿನ ತಿಕ್ಕಾಟ ಎಲ್ಲ ಸೇರಿದರೆ ಎರಡು ಯೂನಿಟ್ಟಿನ ಹತ್ತಿರ ಬರುತ್ತದೆ. ಯೂನಿಟ್ಟಿಗೆ 5 ರೂಪಾಯಿ ಅಂತ ಕಡಿಮೆಯೇ ಹಿಡಿಯಿರಿ, ಕರೆಂಟಿಗೇ 10 ರೂಪಾಯಿ ಆಯಿತು. ಕ್ಲೋರಿನ್, ಸಂಬಳ, ಸಾಲದ ಬಡ್ಡಿ, ರಿಪೇರಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 2014ರಿಂದ 2025ರ ಮಾರ್ಚ್‌ವರೆಗೆ ಮನೆಬಳಕೆಯ ಮೊದಲ 8,000 ಲೀಟರಿಗೆ ಮಂಡಳಿ ವಿಧಿಸುತ್ತಿದ್ದ ದರ ಸಾವಿರ ಲೀಟರಿಗೆ 7 ರೂಪಾಯಿ.

ಹನ್ನೊಂದು ವರ್ಷ. ಆ ಅವಧಿಯಲ್ಲಿ ಕರೆಂಟು ದರ ಏರಿತು, ಡೀಸೆಲ್ ಏರಿತು, ಕಾಫಿ ಎಷ್ಟಾಯಿತು ಅಂತ ನೀವೇ ಹೇಳಿ. ನೀರಿನ ದರ ಅಲ್ಲಾಡಲಿಲ್ಲ. ಏಕೆಂದರೆ ದರ ಏರಿಸಲು ಸರ್ಕಾರದ ಒಪ್ಪಿಗೆ ಬೇಕು, ಸರ್ಕಾರಕ್ಕೆ ಯಾವ ವರ್ಷವೂ ಸರಿಯಾದ ವರ್ಷವಲ್ಲ. ಒಂದು ವರ್ಷ ಪಾಲಿಕೆ ಚುನಾವಣೆ, ಇನ್ನೊಂದು ವರ್ಷ ವಿಧಾನಸಭೆ, ಮತ್ತೊಂದು ವರ್ಷ ಲೋಕಸಭೆ, ನಡುವೆ ಕೋವಿಡ್. ಕೊನೆಗೆ 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರಾಮ್‌ಪ್ರಸಾತ್ ಮನೋಹರ್ ಅವರ ಕಾಲದಲ್ಲಿ ದರ ಏರಿತು. ಮೊದಲ ಹಂತದ ಬಳಕೆಗೆ ಲೀಟರಿಗೆ 0.15 ಪೈಸೆ, ಅಂದರೆ ಸಾವಿರ ಲೀಟರಿಗೆ ಒಂದೂವರೆ ರೂಪಾಯಿ. ಜೊತೆಗೆ ಪ್ರತಿ ಏಪ್ರಿಲ್ ಒಂದಕ್ಕೆ ಶೇಕಡಾ 3ರಷ್ಟು ತಾನಾಗಿ ಏರುವ ಏರ್ಪಾಡು. ಪತ್ರಿಕೆಗಳಲ್ಲಿ ಇದು ‘ಬರೆ’ ಆಯಿತು. ಆ ಆದೇಶದಲ್ಲಿ ಒಂದೂವರೆ ರೂಪಾಯಿಗಿಂತ ಶೇಕಡಾ 3ರ ಸಾಲೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ಸಲ ಮಂತ್ರಿಗಳ ಮನೆ ಬಾಗಿಲು ತಟ್ಟುವ ಕೆಲಸದಿಂದ ಮುಂದಿನ ಅಧ್ಯಕ್ಷರನ್ನು ಅದು ಬಿಡಿಸುತ್ತದೆ, ಆ ಸಾಲನ್ನು ಯಾರೂ ಅಳಿಸದಿದ್ದರೆ.

ದರ ಕಡಿಮೆ ಇದ್ದರೆ ಬಡವರಿಗೆ ಒಳ್ಳೆಯದಲ್ಲವೇ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. 2024ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಪಾಲಿಕೆಯ ಸುಮಾರು 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಟ್ಯಾಂಕರಿನವರು ಬಾಯಿಗೆ ಬಂದ ಬೆಲೆ ಕೇಳತೊಡಗಿದಾಗ ಜಿಲ್ಲಾಡಳಿತ ಬೆಲೆ ಕಟ್ಟಿತು: ಐದು ಕಿಲೋಮೀಟರೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಸರ್ಕಾರವೇ ನ್ಯಾಯ ಅಂತ ಒಪ್ಪಿದ ಬೆಲೆ ಸಣ್ಣ ಟ್ಯಾಂಕರಿನಲ್ಲಿ ಸಾವಿರ ಲೀಟರಿಗೆ 100 ರೂಪಾಯಿ. ನಲ್ಲಿ ಇದ್ದವರಿಗೆ 7. ನಲ್ಲಿ ಇದ್ದವರು ಯಾರು? ಬಹುಮಟ್ಟಿಗೆ ಜಯನಗರ, ಮಲ್ಲೇಶ್ವರ, ರಾಜಾಜಿನಗರ. ಟ್ಯಾಂಕರಿಗೆ ಕಾಯುತ್ತಿದ್ದವರು ಯಾರು? ಹೊರವಲಯದ ಬಾಡಿಗೆ ಮನೆಗಳಲ್ಲಿ ಇದ್ದ ಪೀಣ್ಯದ ಕಾರ್ಮಿಕರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು. 7 ರೂಪಾಯಿಗೆ ಮಾರಿ ನಷ್ಟ ಮಾಡಿಕೊಂಡ ಮಂಡಳಿಯ ಹತ್ತಿರ ಹೊಸ ಬಡಾವಣೆಗೆ ಕೊಳವೆ ಎಳೆಯಲು ದುಡ್ಡಿಲ್ಲ. ಕೊಳವೆ ಬರುವ ತನಕ ಬಡವ 100 ರೂಪಾಯಿ ಕೊಡುತ್ತಾನೆ. ದರ ತಡೆದು ಹಿಡಿದ ದಯೆ ತಲುಪಿದ್ದು ಒಳಗಿದ್ದವರಿಗೆ.

ಮದುವೆ ಊಟದಲ್ಲಿ ಪಂಕ್ತಿಯ ಕೊನೆ ಎಲೆಗೆ ಕೂತವರಿಗೆ ಗೊತ್ತು, ಪಾಯಸ ಎಷ್ಟು ಮಾಡಿದ್ದಾರೆ ಅನ್ನುವುದಕ್ಕಿಂತ ಬಡಿಸುವವನು ಹೇಗೆ ಬಡಿಸಿಕೊಂಡು ಬರುತ್ತಾನೆ ಅನ್ನುವುದೇ ಮುಖ್ಯ. ದಾಸರಹಳ್ಳಿ ಆ ಎಲೆಯ ಮುಂದೆ ಬಹಳ ಹೊತ್ತು ಕೂತಿತ್ತು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ತುಮಕೂರು ರಸ್ತೆಯ ಎರಡೂ ಬದಿ ಹಳ್ಳಿಗಳು ವಠಾರಗಳಾದವು. ದಾಸರಹಳ್ಳಿ ನಗರಸಭೆ ಆಯಿತು. 2000ದ ದಶಕದ ಮೊದಲ ಭಾಗದಲ್ಲಿ ಬೃಹತ್ ಬೆಂಗಳೂರು ನೀರು ಸರಬರಾಜು ಮತ್ತು ನೈರ್ಮಲ್ಯ ಯೋಜನೆ ಬಂತು. ನಗರದ ಸುತ್ತಲಿನ ಏಳು ನಗರಸಭೆ, ಕೆಂಗೇರಿ ಪುರಸಭೆಗೆ ಕಾವೇರಿ ಕೊಡುವುದು ಉದ್ದೇಶ. ಇದಕ್ಕೆ ಮಾರುಕಟ್ಟೆಯಿಂದ ಸಾಲ ಎತ್ತಿದರು, 2005ರಲ್ಲಿ 100 ಕೋಟಿ ರೂಪಾಯಿಯ ಬಾಂಡು ಹೊರಡಿಸಿದರು, ಮನೆ ಮಾಲೀಕರಿಂದ ನಿವೇಶನದ ಅಳತೆಗೆ ತಕ್ಕಂತೆ ಸಾವಿರಾರು ರೂಪಾಯಿ ವಂತಿಗೆ ಮುಂಗಡವಾಗಿ ಕಟ್ಟಿಸಿಕೊಂಡರು. ರಸ್ತೆ ಅಗೆದರು, ಕೊಳವೆ ಹೂತರು. 2007ರಲ್ಲಿ ಈ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಎಂಬ ಮಹಾನಗರ ಪಾಲಿಕೆ ಮಾಡಿದರು. ಕೊಳವೆ ಇತ್ತು, ನೀರು ಇರಲಿಲ್ಲ. ಹೊರವಲಯಕ್ಕೆ ಬಿಡಲು ನೀರು ಸಿಕ್ಕಿದ್ದು ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿದ 2012ರ ಮೇಲೆ. ದುಡ್ಡು ಕಟ್ಟಿದ ರಸೀದಿಗೂ ನಲ್ಲಿಯ ನೀರಿಗೂ ನಡುವೆ ಮಕ್ಕಳು ಒಂದನೇ ಕ್ಲಾಸಿಂದ ಹೈಸ್ಕೂಲಿಗೆ ಬಂದುಬಿಟ್ಟರು.

ಇದರಿಂದ ಆದ ನಷ್ಟದಲ್ಲಿ ದುಡ್ಡಿನ ಪಾಲು ಸಣ್ಣದು, ನಂಬಿಕೆಯದು ದೊಡ್ಡದು. ಇವತ್ತು ಐದನೇ ಹಂತದಲ್ಲಿ ಹೊಸ ಸಂಪರ್ಕ ತಗೊಳ್ಳಿ ಅಂತ ಮಂಡಳಿ ಮನೆಮನೆಗೆ ಹೋಗಿ ಕೇಳುತ್ತಿದೆ, ಶುಲ್ಕವನ್ನು ಕಂತಿನಲ್ಲಿ ಕಟ್ಟಿ ಅನ್ನುತ್ತಿದೆ. ಜನ ಹಿಂದೇಟು ಹಾಕಿದರೆ ಅಧಿಕಾರಿಗಳು ಬೇಸರಪಡುತ್ತಾರೆ. ಹಳೇ ರಸೀದಿ ಇನ್ನೂ ಬೀರುವಿನಲ್ಲಿದೆ ಸ್ವಾಮಿ. ಮುಂದಾಳುವಿಗೆ ಇದು ತಿಳಿದಿರಬೇಕು. ಸಂಸ್ಥೆಯೊಂದರ ಅಧ್ಯಕ್ಷರು ಬದಲಾಗುತ್ತಾರೆ, ಜನರ ಪಾಲಿಗೆ ಸಂಸ್ಥೆ ಒಂದೇ. ಹಿಂದಿನವರು ಕೊಟ್ಟ ಮಾತೂ ಇವರದೇ. ಐದನೇ ಹಂತವನ್ನೇ ನೋಡಿ: ತುಷಾರ್ ಗಿರಿನಾಥ್, ಎನ್. ಜಯರಾಂ, ರಾಮ್‌ಪ್ರಸಾತ್ ಮನೋಹರ್, ಕನಿಷ್ಠ ಮೂವರು ಅಧ್ಯಕ್ಷರ ಅವಧಿಯಲ್ಲಿ ಅದು ನಡೆದಿದೆ. ಐಎಎಸ್ ಅಧಿಕಾರಿಗಳ ವರ್ಗಾವಣೆಯ ಲಯಕ್ಕೂ ಕೊಳವೆಯ ಆಯುಸ್ಸಿಗೂ ತಾಳಮೇಳ ಇಲ್ಲ. ಇಂಥ ಸಂಸ್ಥೆಯ ನೆನಪು ಉಳಿಯುವುದು ಎಂಜಿನಿಯರುಗಳಲ್ಲಿ, ಅವರಿಗಿಂತ ಹೆಚ್ಚಾಗಿ ಇನ್ನೊಬ್ಬರಲ್ಲಿ.

ಆ ಇನ್ನೊಬ್ಬ ವಾಲ್ವ್‌ಮ್ಯಾನ್. ಬೆಳಗಿನ ಜಾವ ಕಂಬದ ದೀಪ ಇನ್ನೂ ಉರಿಯುತ್ತಿರುವಾಗ ಸೈಕಲ್ಲೋ ಟಿವಿಎಸ್ಸೋ ನಿಲ್ಲಿಸಿ, ರಸ್ತೆ ನಡುವಿನ ಕಬ್ಬಿಣದ ಮುಚ್ಚಳವನ್ನು ಸಲಾಕೆಯಿಂದ ಮೀಟಿ, ಎದೆಮಟ್ಟದ ಕೀಲಿಯನ್ನು ಒಳಗೆ ಇಳಿಸುತ್ತಾನೆ. ಸುತ್ತು ಎಣಿಸುತ್ತಾನೆ. ಪೂರ್ತಿ ತೆಗೆದರೆ ತಗ್ಗಿನ ಅಡ್ಡರಸ್ತೆಗಳೇ ಎಲ್ಲ ನುಂಗಿಬಿಡುತ್ತವೆ, ದಿಣ್ಣೆ ಮೇಲಿನವರಿಗೆ ಗಾಳಿ ಬರುತ್ತದೆ. ಹಾಗಾಗಿ ಇಲ್ಲಿ ಅರ್ಧ, ಅಲ್ಲಿ ಮುಕ್ಕಾಲು. ಕೀಲಿಯ ಹಿಡಿಗೆ ಕಿವಿ ಕೊಟ್ಟು ಒಳಗಿನ ಸದ್ದು ಕೇಳುತ್ತಾನೆ; ನೀರಿನ ಮುಂದೆ ಓಡುವ ಗಾಳಿಯ ಸದ್ದು ಬೇರೆ, ನೀರಿನದು ಬೇರೆ. ಯಾವ ಲೈನು ಯಾವ ರಸ್ತೆಯ ಕೆಳಗೆ ಎಲ್ಲಿ ತಿರುಗುತ್ತದೆ ಅನ್ನುವ ನಕ್ಷೆ ಕಚೇರಿಯಲ್ಲಿ ಇರಬಹುದು, ಇಲ್ಲದಿರಬಹುದು, ಇವನ ತಲೆಯಲ್ಲಿ ಇದೆ. ನೀರು ಬಾರದ ದಿನ ಬೈಗುಳ ತಿನ್ನುವವನೂ ಇವನೇ, ಹಬ್ಬದ ದಿನ ಬಾಳೆಎಲೆ ಸಮೇತ ಊಟ ಕಟ್ಟಿಸಿಕೊಳ್ಳುವವನೂ ಇವನೇ. ನಾಡಿದ್ದು ಇವನು ನಿವೃತ್ತನಾದರೆ ಅಥವಾ ಗುತ್ತಿಗೆದಾರ ಬದಲಾದರೆ ಆ ನಕ್ಷೆ ಹೋಯಿತು. ಮಂಡಳಿಯ ಅಧ್ಯಕ್ಷ ಹುದ್ದೆಗೆ ಬಂದವರು ಮೊದಲ ತಿಂಗಳಲ್ಲಿ ಮಾಡಬೇಕಾದ ಕೆಲಸ ಯಾವುದು ಅಂತ ನನ್ನನ್ನು ಕೇಳಿದರೆ, ಇಂಥವರ ಜೊತೆ ನಸುಕಿನಲ್ಲಿ ನಡೆಯುವುದು ಅನ್ನುತ್ತೇನೆ. ಫೋಟೋಗ್ರಾಫರ್ ಬೇಡ.

ಸರತಿಯಲ್ಲಿ ನೀರು ಬಿಡುವುದಕ್ಕೆ ಇನ್ನೊಂದು ಮುಖ ಇದೆ. ಲೈನು ತುಂಬಿದ್ದಾಗ ಒಳಗಿನ ಒತ್ತಡ ಹೊರಗಿನ ಕೊಳಕನ್ನು ದೂರ ಇಡುತ್ತದೆ. ಲೈನು ಖಾಲಿಯಾದಾಗ, ಮೇಲೆ ಯಾರೋ ಮೋಟಾರು ಹಾಕಿ ಎಳೆದಾಗ, ಬಿರುಕು ಬಿಟ್ಟ ಕಡೆಯಿಂದ ಸುತ್ತಲಿನದು ಒಳಕ್ಕೆ ಬರುತ್ತದೆ. ನಮ್ಮ ಇಕ್ಕಟ್ಟಿನ ಅಡ್ಡರಸ್ತೆಗಳಲ್ಲಿ ನೀರಿನ ಕೊಳವೆಯ ಪಕ್ಕದಲ್ಲಿ ಏನಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮೊದಲ ಹತ್ತು ನಿಮಿಷದ ಬಣ್ಣದ ಗುಟ್ಟು ಇದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಮಾಡಿದರು. ಯಾವಾಗಲೂ ನೀರು ಬಿಟ್ಟರೆ ಜನ ಪೋಲು ಮಾಡುತ್ತಾರೆ ಎಂದು ಹೆದರಿಸಿದವರು ಆಗಲೂ ಇದ್ದರು. ನಾಳೆಯೂ ನೀರು ಬರುತ್ತದೆ ಅಂತ ಖಾತ್ರಿ ಇದ್ದವನು ನಿನ್ನೆಯ ನೀರನ್ನು ಮೋರಿಗೆ ಚೆಲ್ಲುವುದಿಲ್ಲ, ಚೆಲ್ಲುವವನು ಸರತಿಯ ಊರಿನವನು. ಆ ಪ್ರಯೋಗವನ್ನು ಇಡೀ ಊರಿಗೆ ಹಬ್ಬಿಸುವುದು ಎಷ್ಟು ಕಷ್ಟವಾಯಿತು ಅನ್ನುವುದೂ ಹುಬ್ಬಳ್ಳಿಯವರಿಗೆ ಗೊತ್ತು. ಆದರೆ ಆಗದು ಅನ್ನುವ ಮಾತಿಗೆ ಅದು ಉತ್ತರ ಕೊಟ್ಟಾಗಿದೆ.

ಇನ್ನೊಂದು ಉತ್ತರ ಕಾಂಬೋಡಿಯಾದಿಂದ ಬರುತ್ತದೆ. ಯುದ್ಧ, ನರಮೇಧ ಎಲ್ಲ ಕಂಡ ನಾಮ್ ಪೆನ್ ನಗರದ ಜಲಸಂಸ್ಥೆಗೆ 1993ರಲ್ಲಿ ಏಕ್ ಸೋನ್ ಚಾನ್ ಎಂಬ ಎಂಜಿನಿಯರ್ ಮುಖ್ಯಸ್ಥರಾದರು. ಆಗ ಅಲ್ಲಿ ಬಿಟ್ಟ ನೀರಿನಲ್ಲಿ ಶೇಕಡಾ 72ಕ್ಕೆ ಲೆಕ್ಕವೇ ಇರಲಿಲ್ಲ. ಸೋರಿಕೆ, ಕಳ್ಳ ಸಂಪರ್ಕ, ಬಿಲ್ಲು ಕಟ್ಟದ ದೊಡ್ಡ ಮನುಷ್ಯರು. ಅವರು ಮೊದಲು ಹೊಸ ಅಣೆಕಟ್ಟು ಕೇಳಲಿಲ್ಲ. ಮೀಟರು ಹಾಕಿಸಿದರು, ಗ್ರಾಹಕರ ಪಟ್ಟಿಯನ್ನು ಮನೆಮನೆ ಸುತ್ತಿಸಿ ಹೊಸದಾಗಿ ಬರೆಸಿದರು, ಬಿಲ್ಲು ಕಟ್ಟದ ಸೇನಾಧಿಕಾರಿಯ ಬಾಗಿಲಿಗೆ ಹೋಗಿ ಬಂದೂಕಿನ ಎದುರು ನಿಂತರು. ಮುಂದಿನ ದಶಕ ಮುಗಿಯುವ ಹೊತ್ತಿಗೆ ಲೆಕ್ಕಕ್ಕೆ ಸಿಗದ ನೀರು ಶೇಕಡಾ 6ರ ಆಸುಪಾಸಿಗೆ ಇಳಿದಿತ್ತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೆಂಗಳೂರಿನಲ್ಲಿ ಇವತ್ತಿಗೂ ಇಂಥ ನೀರು ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು. 2,225 ದಶಲಕ್ಷ ಲೀಟರಿನಲ್ಲಿ ಕಾಲು ಭಾಗ ಅಂದರೆ 550ರ ಮೇಲೆ. ನಾಲ್ಕನೇ ಹಂತದ ಎರಡನೇ ಘಟ್ಟದಲ್ಲಿ ಬಂದದ್ದು 500. ಒಂದು ಇಡೀ ಹಂತ ರಸ್ತೆಯಡಿಯಲ್ಲಿ ಇದೆ, ಹುಡುಕಿಕೊಳ್ಳಬೇಕು ಅಷ್ಟೆ. ಹುಡುಕುವ ಕೆಲಸ ನಡೆಯುವುದು ರಾತ್ರಿ ಎರಡು ಗಂಟೆಗೆ, ಊರು ಮಲಗಿ ಬಳಕೆ ನಿಂತಾಗಲೂ ಮೀಟರಿನ ಮುಳ್ಳು ತಿರುಗುತ್ತಿದೆಯೇ ಅಂತ ನೋಡಿಕೊಂಡು. ಅದಕ್ಕೆ ಟೇಪು ಕತ್ತರಿಸಲು ಯಾವ ಮಂತ್ರಿಯೂ ಬರುವುದಿಲ್ಲ.

ಈಗ ಎರಡನೇ ಲೈನಿಗೆ ಬರುತ್ತೇನೆ. ಹೇಳಬೇಕಾದ್ದು ಹೆಚ್ಚಿರುವುದು ಇಲ್ಲಿಯೇ.

ಮನೆಗೆ ಕೊಟ್ಟ ನೀರಿನಲ್ಲಿ ಶೇಕಡಾ 80 ಕೊಳಚೆಯಾಗಿ ಹೊರಗೆ ಬರುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಅಂದರೆ ಕಾವೇರಿಯ ಪ್ರತಿ ಹೊಸ ಹಂತವೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕೊಳಚೆಯ ಹಂತ. ನೀರು ತರುವ ಕೊಳವೆಗೆ ಪೂಜೆ, ಕೊಳಚೆ ಒಯ್ಯುವ ಕೊಳವೆಗೆ ಅವಸರ ಇಲ್ಲ. ಇದು ನಮ್ಮೊಬ್ಬರ ಚಾಳಿ ಅಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ, ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಸುಣ್ಣದ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ತೂಗುಹಾಕುವ ಹಾಗಾದ ಮೇಲೆಯೇ ಲಂಡನ್ನು ಎಂಜಿನಿಯರ್ ಜೋಸೆಫ್ ಬಜಲ್ಗೆಟ್ ಅವರ ಒಳಚರಂಡಿಗೆ ದುಡ್ಡು ಬಿಚ್ಚಿದ್ದು. ನಮ್ಮ ವಿಶ್ವೇಶ್ವರಯ್ಯನವರು ಅಂದರೆ ಎಲ್ಲರಿಗೂ ನೆನಪಾಗುವುದು ಕನ್ನಂಬಾಡಿ ಅಣೆಕಟ್ಟು. ಮೂಸಿ ನದಿಯ 1908ರ ಪ್ರವಾಹದ ನಂತರ ಹೈದರಾಬಾದಿಗೆ ಅವರು ಒಳಚರಂಡಿಯ ಯೋಜನೆಯನ್ನೂ ಮಾಡಿಕೊಟ್ಟರು ಅಂತ ಎಷ್ಟು ಮಂದಿ ಹೇಳುತ್ತಾರೆ?

ದಾಸರಹಳ್ಳಿ ದಿಣ್ಣೆಯ ಮೇಲಿದೆ. ಈ ಸೀಮೆಯ ನೀರು ಎರಡು ಕಡೆ ಇಳಿಯುತ್ತದೆ. ಪೀಣ್ಯದ ಒಂದು ಭಾಗದ್ದು ವೃಷಭಾವತಿಗೆ. ಇನ್ನೊಂದು ಕಡೆಯದು ಚಿಕ್ಕಬಾಣಾವರದ ಕೆರೆಯ ದಿಕ್ಕಿನಿಂದ ಅರ್ಕಾವತಿಗೆ. ಅರ್ಕಾವತಿ ಹೋಗಿ ಸೇರುವುದು ಎಲ್ಲಿಗೆ? ತಿಪ್ಪಗೊಂಡನಹಳ್ಳಿಗೆ. 1933ರಿಂದ ಈ ಊರಿಗೆ ನೀರು ಕುಡಿಸಿದ ಜಲಾಶಯಕ್ಕೆ. ಅದರ ಜಲಾನಯನವನ್ನು ಕಾಪಾಡಲು 2003ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಆದೇಶ ಕಡತದಲ್ಲಿ ಉಳಿಯಿತು, ಕೊಳಚೆ ನದಿಯಲ್ಲಿ ಹರಿಯಿತು. 2012ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕುಡಿಯುವ ನೀರು ಪೂರೈಸುವುದನ್ನು ನಿಲ್ಲಿಸಬೇಕಾಯಿತು. ಇಸವಿ ಗಮನಿಸಿ. ಕಾವೇರಿಯಿಂದ 500 ದಶಲಕ್ಷ ಲೀಟರ್ ಹೊಸದಾಗಿ ಬಂದ ವರ್ಷವೇ ಮನೆ ಹಿತ್ತಲಿನ ಜಲಾಶಯ ಕೈಬಿಟ್ಟಿತು. ಬಂದದ್ದಕ್ಕೆ ಉದ್ಘಾಟನೆ ಆಯಿತು, ಹೋದದ್ದಕ್ಕೆ ಒಂದು ಪತ್ರಿಕಾ ಪ್ರಕಟಣೆಯೂ ನೆನಪಿಲ್ಲ. ಎತ್ತರದಲ್ಲಿದ್ದ, ಹತ್ತಿರದಲ್ಲಿದ್ದ ನೀರನ್ನು ಕೆಡಿಸಿಕೊಂಡು ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರ್ ಮೇಲೆತ್ತಿಕೊಂಡು ಕುಡಿಯುತ್ತಿದ್ದೇವೆ. ಇದಕ್ಕೆ ಯಾವ ಒಬ್ಬ ಅಧ್ಯಕ್ಷರನ್ನೂ ಹೊಣೆ ಮಾಡಲಾರೆ. ನದಿ ಜಲಮಂಡಳಿಯದಲ್ಲ, ಕಾರ್ಖಾನೆ ಮಾಲಿನ್ಯ ನಿಯಂತ್ರಣ ಮಂಡಳಿಯದು, ಬಡಾವಣೆಗೆ ಅನುಮತಿ ಕೊಟ್ಟವರು ಇನ್ನೊಬ್ಬರು, ಕೆರೆ ಮತ್ತೊಬ್ಬರದು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ರಸ್ತೆ ಅಗೆಯಲು ಈಗ ಮಂಡಳಿ ಐದು ಬಾಗಿಲು ತಟ್ಟಬೇಕು.

ನೆಲದಡಿಯ ನೀರಿನ ಕಥೆಯೂ ಇದೇ. ಪೀಣ್ಯದ ಲೋಹಲೇಪನ ಘಟಕಗಳ ಸುತ್ತ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷ ಇರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯೇ ಅಧ್ಯಯನ ಮಾಡಿ ದಾಖಲಿಸಿದೆ. ಸಾವಿರ ಅಡಿ ಕೊರೆಸಿದ ಬೋರ್‌ವೆಲ್ಲಿನಲ್ಲಿ ನೀರು ಸಿಕ್ಕರೆ ಅದೃಷ್ಟ ಅಂತ ತೆಂಗಿನಕಾಯಿ ಒಡೆಯುತ್ತೇವೆ. ಸಿಕ್ಕಿದ ನೀರು ಎಂಥದ್ದು ಅಂತ ಪರೀಕ್ಷೆ ಮಾಡಿಸಿದವರು ಸಭೆಯಲ್ಲಿ ಎಷ್ಟು ಜನ ಇದ್ದೀರೋ ಕಾಣೆ. ಹೀಗಾಗಿ ಈ ಭಾಗಕ್ಕೆ ಕಾವೇರಿ ಬರುವುದು ಅನುಕೂಲದ ಮಾತಲ್ಲ, ಆರೋಗ್ಯದ ಮಾತು.

ಒಳಚರಂಡಿ ಎಂದ ಮೇಲೆ ಅದರೊಳಗೆ ಇಳಿದ ಮನುಷ್ಯರ ಮಾತೂ ಬರಲೇಬೇಕು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯಿದೆ ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು ಅಪರಾಧ ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಅಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು, 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಚರಂಡಿ ಶುಚಿ ಮಾಡಿಸುವುದನ್ನು ನಿಷೇಧಿಸಿತು. ಒಂದೇ ಮಾತನ್ನು ಕೋರ್ಟು ಇಷ್ಟು ಸಲ ಹೇಳಬೇಕಾಗಿ ಬಂದಿದೆ ಎಂದರೆ ಕೇಳುವವರು ಎಲ್ಲಿದ್ದರು? ಜಲಮಂಡಳಿಯ ಜೆಟ್ಟಿಂಗ್ ಯಂತ್ರಗಳು ಇವೆ. ಅವು ನುಗ್ಗದ ಅಡ್ಡರಸ್ತೆಗಳೂ ಇವೆ. ಕಟ್ಟಿಕೊಂಡದ್ದು ಮೇಲೆ ಉಕ್ಕಿ ಮನೆ ಮುಂದೆ ಹರಿಯುವಾಗ, ಯಂತ್ರ ಬರುವುದು ನಾಳೆ ಅಂದಾಗ, ಬೀದಿಯವರೇ ಚಂದಾ ಎತ್ತಿ ಯಾರನ್ನೋ ಕರೆಸುತ್ತಾರೆ. ಕರೆಸಿಕೊಂಡವನ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ನನಗೆ ಇಲ್ಲಿ ಮಂಡಳಿಯ ಮೇಲಷ್ಟೇ ಸಿಟ್ಟಿಲ್ಲ, ಕರೆಸುವ ನಮ್ಮ ಮೇಲೂ ಇದೆ. ಆದರೂ ಸಣ್ಣ ಗಲ್ಲಿಗೆ ಹೋಗುವ ಸಣ್ಣ ಯಂತ್ರ ಕೊಳ್ಳುವುದು ಐದನೇ ಹಂತದ ಖರ್ಚಿನ ಮುಂದೆ ಎಷ್ಟರ ಮಾತು? ಮುಂದಾಳುತನ ಅನ್ನುವುದು ಬಜೆಟ್ಟಿನ ಇಂಥ ಸಣ್ಣ ಸಾಲುಗಳಲ್ಲಿ ಕಾಣುತ್ತದೆ.

2024ರ ಬಿಕ್ಕಟ್ಟಿನಲ್ಲಿ ಮಂಡಳಿ ಮಾಡಿದ ಕೆಲವನ್ನು ಮೆಚ್ಚಬೇಕು. ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದಾಗ ಎಲ್ಲರೂ ನಕ್ಕರು. ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿದ್ದು, ಕಟ್ಟಡ ಕಾಮಗಾರಿಗೆ ಸಂಸ್ಕರಿಸಿದ ನೀರನ್ನೇ ಬಳಸಿ ಅಂದದ್ದು, ಬತ್ತಿದ ಕೆರೆಗಳಿಗೆ ಸಂಸ್ಕರಿಸಿದ ನೀರು ತುಂಬಿಸಿದ್ದು, ಇವು ನಗುವ ವಿಷಯಗಳಲ್ಲ. ಕೊಳಚೆಯನ್ನು ನೀರು ಅಂತ ನೋಡುವ ಅಭ್ಯಾಸ ಆ ಬೇಸಿಗೆಯಲ್ಲಿ ಸ್ವಲ್ಪ ಬೆಳೆಯಿತು. ಆದರೂ ಒಂದು ವಿಚಿತ್ರ ಇದೆ. ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಹೆಬ್ಬಾಳ-ನಾಗವಾರದ್ದು ಚಿಕ್ಕಬಳ್ಳಾಪುರದ ಕಡೆಗೆ. ಪಕ್ಕದ ಜಿಲ್ಲೆಗಳು ನಮ್ಮ ಕೊಳಚೆಯನ್ನು ಸಂಪನ್ಮೂಲ ಅಂತ ಕಂಡುಕೊಂಡವು. ತುಮಕೂರು ಹೆದ್ದಾರಿಯ ಈ ಬದಿಯಲ್ಲಿ ನಾಗಸಂದ್ರದಲ್ಲೂ ಚಿಕ್ಕಬಾಣಾವರದಲ್ಲೂ ಸಂಸ್ಕರಣಾ ಘಟಕಗಳಿವೆ. ಪೀಣ್ಯದಂಥ ಕೈಗಾರಿಕಾ ಪ್ರದೇಶ ಕೂಗಳತೆಯಲ್ಲಿದೆ. ಲೋಹ ತೊಳೆಯಲು, ಬಾಯ್ಲರಿಗೆ, ಶೌಚಕ್ಕೆ ಕಾರ್ಖಾನೆಗಳು ಇನ್ನೂ ಟ್ಯಾಂಕರ್ ತರಿಸುತ್ತಿದ್ದರೆ ಘಟಕ ಮತ್ತು ಕಾರ್ಖಾನೆಯ ನಡುವಿನ ಒಂದಷ್ಟು ಕೊಳವೆಯನ್ನು ಹಾಕಬೇಕಾದವರು ಯಾರು? ಮಂಡಳಿ ನೀರನ್ನು ಮಾರಬಹುದು, ಕಾರ್ಖಾನೆ ಟ್ಯಾಂಕರಿಗಿಂತ ಅಗ್ಗಕ್ಕೆ ಕೊಳ್ಳಬಹುದು, ಕಾವೇರಿಯ ಅಷ್ಟು ಪಾಲು ಮನೆಗಳಿಗೆ ಉಳಿಯಬಹುದು. ದಾಸರಹಳ್ಳಿಯ ನಾಗರಿಕ ಸಂಘಟನೆಗಳು ಮುಂದಿನ ಜಲಮಂಡಳಿ ಅದಾಲತ್ತಿಗೆ ಬಿಲ್ಲಿನ ತಕರಾರಿನ ಜೊತೆಗೆ ಇದನ್ನೂ ಬರೆದುಕೊಂಡು ಹೋಗಲಿ ಎಂದು ಕೇಳಿಕೊಳ್ಳುತ್ತೇನೆ.

ಜೊತೆಗೆ ಇನ್ನೆರಡು ಕೇಳಿ. ವಾಲ್ವು ವಾಲ್ವಿಗೆ ವಾರದಲ್ಲಿ ಎಷ್ಟು ಗಂಟೆ ನೀರು ಬಿಟ್ಟರು ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸಿ ಅನ್ನಿ. ವಾಲ್ವ್‌ಮ್ಯಾನ್ ತಲೆಯಲ್ಲಿ ಇರುವುದನ್ನು ಕಾಗದಕ್ಕೆ ಇಳಿಸುವ ಕೆಲಸವೂ ಅದರಿಂದ ಆಗುತ್ತದೆ. ಹೊಸ ಕಾವೇರಿ ಸಂಪರ್ಕ ಕೊಟ್ಟ ಪ್ರತಿ ಬೀದಿಯಲ್ಲಿ ಒಳಚರಂಡಿ ಎಷ್ಟು ಮನೆಗೆ ಕೂಡಿದೆ, ಎಷ್ಟು ಮನೆಯದು ಇನ್ನೂ ಮಳೆನೀರಿನ ಮೋರಿಗೆ ಬೀಳುತ್ತಿದೆ ಅಂತ ಬರಹದಲ್ಲಿ ಕೇಳಿ. ತಿಪ್ಪಗೊಂಡನಹಳ್ಳಿಯನ್ನು ಮತ್ತೆ ಕುಡಿಯುವ ನೀರಿಗೆ ತರುವ ಮಾತು ನಡೆಯುತ್ತಿದೆ. ಅದಕ್ಕೆ ಎಷ್ಟೇ ಶುದ್ಧೀಕರಣ ಘಟಕ ಕಟ್ಟಲಿ, ಚಿಕ್ಕಬಾಣಾವರದ ಕಡೆ ಇಳಿಯುವ ಪ್ರತಿ ಮೋರಿಯ ಲೆಕ್ಕ ಇಟ್ಟವರು ಇಲ್ಲದಿದ್ದರೆ ಆ ಯೋಜನೆ ಕಾಗದದ್ದು. ಆ ಲೆಕ್ಕವನ್ನು ಮಂಡಳಿಯ ಎಂಜಿನಿಯರುಗಳಿಗಿಂತ ಮೊದಲು ಶೆಟ್ಟಿಹಳ್ಳಿ, ಕಮ್ಮಗೊಂಡನಹಳ್ಳಿ, ಅಬ್ಬಿಗೆರೆಯ ನಿವಾಸಿಗಳು ಬೀದಿ ಬೀದಿಯಾಗಿ ಬರೆದಿಟ್ಟರೆ, ಮುಂದೆ ಬರುವ ಅಧ್ಯಕ್ಷರು ಯಾರೇ ಆಗಲಿ, ಅವರ ಮೇಜಿನ ಮೇಲೆ ಇಡಲು ಒಂದು ಕಾಗದ ಸಿದ್ಧವಾಗಿರುತ್ತದೆ.